ಕಪ್ಪು ವೈರು

ಬೆಳಿಗ್ಗೆ ಆರೂಕಾಲಿಗೆ ನನ್ನನ್ನು ಎಬ್ಬಿಸಿದ್ದು ಸದ್ದಲ್ಲ, ನೆನಪು. ಕಣ್ಣು ಬಿಡುವ ಮೊದಲೇ ಗೊತ್ತಾಗಿಹೋಗಿತ್ತು: ನಿನ್ನೆ ಸಂಜೆ ವ್ಯಾನಿನ ಒಳಗಿನ ದೀಪ ಆರಿಸಿಲ್ಲ, ಬ್ಯಾಟರಿಯ ಕಪ್ಪು ವೈರು ಬಿಚ್ಚಿಲ್ಲ. ಇವತ್ತು ಹನ್ನೊಂದು ಗಂಟೆಗೆ ಅದೇ ವ್ಯಾನಿನಲ್ಲಿ ಅಕ್ಕನ ಡ್ರೈವಿಂಗ್ ಟೆಸ್ಟು.

ಚಪ್ಪಲಿ ಮೆಟ್ಟದೆ ಶೆಡ್ಡಿಗೆ ಓಡಿದೆ. ದೀಪ ಇನ್ನೂ ಉರಿಯುತ್ತಿತ್ತು, ಆದರೆ ಅದನ್ನು ಉರಿ ಅನ್ನುವಂತಿರಲಿಲ್ಲ. ಬಲ್ಬಿನೊಳಗಿನ ತಂತಿ ಮಾತ್ರ ಕೆಂಪಗೆ ಕಾಣುತ್ತಿತ್ತು, ಯಾರೋ ಬಾಯಿಂದ ಊದಿ ಉಳಿಸಿಕೊಂಡ ಕೆಂಡದ ಹಾಗೆ. ಸ್ವಿಚ್ಚು ಒತ್ತಿದೆ. ಅದೂ ಹೋಯಿತು. ಚಾಲಕನ ಪಕ್ಕದ ಸೀಟನ್ನು ಎತ್ತಿ, ಅದರಡಿಯ ಬ್ಯಾಟರಿಯ ಗೂಟದಿಂದ ಕಪ್ಪು ವೈರಿನ ತುದಿಯ ಸೀಸದ ಉಂಗುರವನ್ನು ಕಿತ್ತು ಪಕ್ಕಕ್ಕೆ ಸರಿಸಿದೆ. ಸೀಟನ್ನು ಸದ್ದಾಗದಂತೆ ಇಳಿಸಿದೆ. ವಾಪಸು ಬಂದು ಹಾಸಿಗೆಯಲ್ಲಿ ಮಲಗಿ ಮುಸುಕು ಹಾಕಿಕೊಂಡೆ. ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ಪಕ್ಕದ ಕೋಣೆಯ ಕಿವುಡು ಮಾವನಿಗೂ ಕೇಳಿಸೀತು ಅನ್ನಿಸಿತು.

ವ್ಯಾನು ಆ ಮಾವನದೇ. ಅಮ್ಮನ ಅಣ್ಣ. ಮೂವತ್ತು ವರ್ಷ ಸಭೆ ಸಮಾರಂಭಗಳಿಗೆ ಮೈಕ್ ಸೆಟ್ಟು ಬಾಡಿಗೆಗೆ ಕೊಟ್ಟು ಬದುಕಿದವನು. ಬೀದಿಗೆಲ್ಲ ಮೈಕ್ ಮಾವ. ಅಷ್ಟು ವರ್ಷ ಸ್ಪೀಕರಿನ ಬುಡದಲ್ಲಿ ನಿಂತ ಫಲವಾಗಿ ಈಗ ಅವನ ಕಿವಿ ಹತ್ತಕ್ಕೆ ಎಂಟು ಪಾಲು ಹೋಗಿದೆ. ನಮ್ಮ ಮನೆಯಲ್ಲಿ ಗುಟ್ಟಿನ ಮಾತೂ ಕೂಗಿಯೇ ಆಗಬೇಕು. ದಂಧೆ ಬಿಟ್ಟರೂ ಅದರ ಒಂದು ಕಟ್ಟಳೆಯನ್ನು ಅವನು ಬಿಟ್ಟಿರಲಿಲ್ಲ. ಗಾಡಿ ನಿಲ್ಲಿಸಿದ ಮೇಲೆ ಬ್ಯಾಟರಿಯ ಕಪ್ಪು ವೈರು ಕೀಳಬೇಕು, ಹೊರಡುವಾಗ ಮತ್ತೆ ಹಾಕಬೇಕು. ಕೀಳದಿದ್ದರೆ ಕರೆಂಟು ಕದ್ದು ಹರಿದುಹೋಗುತ್ತದೆ. ಬೇರೆ ಮನೆಗಳಲ್ಲಿ ಮಲಗುವ ಮುಂಚೆ ಬಾಗಿಲ ಚಿಲಕ ನೋಡುತ್ತಾರೆ. ನಮ್ಮಲ್ಲಿ 'ವೈರು ಕಿತ್ರಾ' ಅಂತ ಕೇಳುತ್ತಾರೆ. ದಿನಕ್ಕೆರಡು ಸಲ ನಟ್ಟು ತಿರುಗಿಸುತ್ತ ಕೂರುವವರು ಯಾರು? ಉಂಗುರವನ್ನು ಕೈಯಲ್ಲೇ ಒತ್ತಿ ಕೂರಿಸುವುದು, ಕೈಯಲ್ಲೇ ಕೀಳುವುದು. ನಾವೆಲ್ಲ ಹಾಗೇ ಕಲಿತವರು.

ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ. ಒಂಬತ್ತು ವರ್ಷದಿಂದ ಅವಳು ಕಿಟಕಿಯಿಲ್ಲದ ಆ ಜಾಗದಲ್ಲಿ ಹಬೆಯ ಯಂತ್ರದ ಮುಂದೆ ನಿಂತು ಬಿಳಿ ಹೊದಿಕೆಗಳನ್ನು ಒತ್ತುತ್ತಿದ್ದಾಳೆ. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗೆರೆಗಳಿವೆ, ಅಳತೆಪಟ್ಟಿಯ ಗೀಟುಗಳಂತೆ ಒಂದರ ಪಕ್ಕ ಒಂದು. ಹೋದ ವರ್ಷದಿಂದ ಕೆಮ್ಮು ಶುರುವಾಗಿತ್ತು. ಹಬೆಯಿಂದ ಹೊರಗೆ ಬರದಿದ್ದರೆ ಔಷಧಿ ಕುಡಿದೂ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಷ್ಟರಲ್ಲಿ, ಬಟ್ಟೆ ಸಾಗಿಸುವ ಆಸ್ಪತ್ರೆಯ ವ್ಯಾನಿನ ಡ್ರೈವರು ಈ ತಿಂಗಳ ಕೊನೆಗೆ ನಿವೃತ್ತನಾಗುತ್ತಾನೆ ಅಂತ ಸುದ್ದಿ ಬಂತು. ಲೈಸೆನ್ಸ್ ತಂದು ತೋರಿಸು, ಆ ಕೆಲಸ ನಿನ್ನದು ಎಂದು ಮೇಲ್ವಿಚಾರಕಿ ಅಕ್ಕನಿಗೆ ಮಾತು ಕೊಟ್ಟಿದ್ದಳು. ಇವತ್ತಿನದು ಈ ತಿಂಗಳ ಕೊನೆಯ ಟೆಸ್ಟು.

ಅಕ್ಕನಿಗೆ ಮೂರನೆಯದು. ಮೊದಲನೆಯದರಲ್ಲಿ ಇಂಜಿನ್ ಏರಿನಲ್ಲಿ ಮೂರು ಸಲ ನಿಂತುಹೋಯಿತು. ಅದು ಯಾರಿಗೂ ಆಗುವಂಥದ್ದು. ಎರಡನೆಯದರಲ್ಲಿ ಇಂಜಿನ್ ಶುರುವೇ ಆಗಲಿಲ್ಲ, ಯಾಕೆಂದರೆ ಅಕ್ಕ ಕೀಲಿ ತಿರುಗಿಸಲೇ ಇಲ್ಲ. ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂತು ಮೂರು ಸಲ ಹೇಳಿದರು. ಅವಳು ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತ ಕೂತೇ ಇದ್ದಳು. ಅವರು ಇಳಿದು ಬಾಗಿಲು ಹಾಕಿ ಹೋದರು. ಏನಾಯಿತೆಂದು ಕೇಳಿದರೆ, ಕೈ ತನ್ನದು ಅಂತ ಅನ್ನಿಸಲಿಲ್ಲ ಎಂದಷ್ಟೇ ಹೇಳಿದಳು. ಆಮೇಲೆ ಅಮ್ಮ ಒಂದು ಆಜ್ಞೆ ಹೊರಡಿಸಿದಳು: ಟೆಸ್ಟು ಮುಗಿಯುವವರೆಗೆ ಅಕ್ಕನನ್ನು ಬಿಟ್ಟು ಇನ್ನೊಬ್ಬರು ವ್ಯಾನು ಮುಟ್ಟಕೂಡದು.

ನಾನು ಮುಟ್ಟುತ್ತಿದ್ದೆ. ಎರಡು ಕೋಣೆಯ ಮನೆಯಲ್ಲಿ ನಾಲ್ಕು ಜನ, ಅದರಲ್ಲಿ ಒಬ್ಬನ ಕಿವಿಗೆ ಸರಿಹೊಂದುವಂತೆ ಇಟ್ಟ ಟೀವಿ. ಪ್ರೆಸ್ಸಿನಲ್ಲಿ ದಿನವಿಡೀ ಕರಡು ತಿದ್ದಿ ಬಂದವನಿಗೆ ನನಗಾಗಿ ನಾಲ್ಕು ಪುಟ ಓದಲು ಸಿಕ್ಕ ಒಂದೇ ಕೋಣೆ ಆ ವ್ಯಾನು. ದಿನಾ ಸಂಜೆ ವೈರು ಹಾಕಿ, ದೀಪ ಹೊತ್ತಿಸಿ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಓದುತ್ತಿದ್ದೆ. ಎದ್ದು ಬರುವಾಗ ದೀಪ ಆರಿಸಿ ವೈರು ಕೀಳುತ್ತಿದ್ದೆ. ನಿನ್ನೆ ಅಮ್ಮ ಊಟಕ್ಕೆ ಕರೆದದ್ದು ಕೇಳಿ, ಸಿಕ್ಕಿಬೀಳುತ್ತೇನೆಂಬ ದಿಗಿಲಿನಲ್ಲಿ ಪುಸ್ತಕವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಬಂದುಬಿಟ್ಟಿದ್ದೆ.

ಆರೂವರೆಗೆ ಅಕ್ಕ ಎಂದಿನಂತೆ ಗಾಡಿ ಓಡಿಸುವ ಅಭ್ಯಾಸಕ್ಕೆ ಶೆಡ್ಡಿಗೆ ಹೋದಳು. ನಾನು ಮುಸುಕಿನೊಳಗೆ ಕಿವಿಯಾಗಿದ್ದೆ. ಸೀಟು ಎತ್ತಿದ ಸದ್ದು ಬಂತು. ಆಮೇಲೆ ಏನೂ ಇಲ್ಲ, ತುಂಬಾ ಹೊತ್ತು. ಆಮೇಲೆ ಅವಳ ಹೆಜ್ಜೆ.

"ಗಾಡಿ ಶುರು ಆಗ್ತಿಲ್ಲ," ಅಂದಳು ಅಡುಗೆಮನೆಯ ಬಾಗಿಲಲ್ಲಿ. ಹಾಲು ಒಡೆದಿದೆ ಎಂದು ಹೇಳುವ ದನಿಯಲ್ಲಿ.

ಮನೆ ಎದ್ದು ಕೂತಿತು. ಶೆಡ್ಡು ರಸ್ತೆಗಿಂತ ತಗ್ಗಿನಲ್ಲಿದೆ, ಬಾಗಿಲಿನಿಂದಲೇ ಕಡಿದಾದ ಏರು. ನಾನು, ಅಮ್ಮ, ಅಕ್ಕ ಮೂವರೂ ಭುಜ ಕೊಟ್ಟು ತಳ್ಳಿದರೂ ವ್ಯಾನು ಒಂದು ಮೊಳ ಏರಿ ಎರಡು ಮೊಳ ಇಳಿಯಿತು. ಮಾವ ಸೊಂಟನೋವಿಗೆ ಪಟ್ಟಿ ಕಟ್ಟಿಕೊಂಡವನು, ಅವನ ಕೈಲಿ ನಿಂತು ಬಯ್ಯುವುದಷ್ಟೇ ಸಾಧ್ಯ. ಎದುರುಮನೆಯ ಬೆಸುಗೆಯವನ ಗಾಡಿಯಿಂದ ಕರೆಂಟು ಎಳೆಯೋಣವೆಂದರೆ ಅವನು ಐದಕ್ಕೇ ಹೊರಟುಹೋಗಿದ್ದ. ಗ್ಯಾರೇಜು ತೆರೆಯುವುದು ಹತ್ತಕ್ಕೆ. ಡ್ರೈವಿಂಗ್ ಶಾಲೆಯ ಗಾಡಿ ಬೇಕಾದರೆ ವಾರ ಮುಂಚೆ ಹೇಳಿರಬೇಕು. ಇವನ್ನೆಲ್ಲ ಅಮ್ಮ ಬೆರಳು ಮಡಚುತ್ತ ಒಂದೊಂದಾಗಿ ಹೇಳಿ, ಬೆರಳು ಮುಗಿದ ಮೇಲೆ ನನ್ನನ್ನು ನೋಡಿದಳು.

ಮಾವ ಕೇಳಿದ್ದು ಬೇರೆಯೇ. ಬ್ಯಾಟರಿ ಯಾಕೆ ಸತ್ತಿತು? ಬ್ಯಾಟರಿಗೆ ವಯಸ್ಸಾಗಿದೆ ಎಂದೆ. ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಎಂದೆ. ಸುಳ್ಳನ್ನು ಮೆಲ್ಲಗೆ ಹೇಳುವುದಕ್ಕೂ ಕಿರುಚಿ ಹೇಳುವುದಕ್ಕೂ ಎಷ್ಟು ವ್ಯತ್ಯಾಸವೆಂದು ನನಗೆ ಗೊತ್ತಾದದ್ದು ಆಗ. ಮೂರನೇ ಸಲ ಕಿರುಚಿದಾಗ ಪಕ್ಕದ ಮನೆಯ ಕಿಟಕಿ ತೆರೆಯಿತು.

"ನನ್ನ ಬ್ಯಾಟರಿ ತಾನಾಗಿ ಸಾಯಲ್ಲ ಅಳಿಯ," ಮಾವ ಅಂದ. "ಯಾರೋ ಕೊಂದಿದಾರೆ."

ಅಕ್ಕ ನನ್ನ ಕಡೆ ನೋಡಲಿಲ್ಲ. ಅದನ್ನೇ ನಾನು ಅದೃಷ್ಟ ಅಂದುಕೊಂಡೆ.

ಬ್ಯಾಟರಿಯನ್ನು ನಾನೇ ಬದುಕಿಸುತ್ತೇನೆ ಎಂದುಬಿಟ್ಟೆ. ತಪ್ಪು ಮಾಡಿದವನಿಗೆ ಬರುವ ಹುರುಪು ಅದು, ಧೈರ್ಯವಲ್ಲ. ಅಟ್ಟದ ಮೇಲೆ ಮಾವನ ಹಳೆಯ ಚಾರ್ಜರ್ ಇತ್ತು, ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ, ಮುಂದೆ ಒಂದು ಮುಳ್ಳಿನ ಮೀಟರು. ಅದನ್ನು ಇಳಿಸುವಾಗ ಮೂರು ಸ್ಪೀಕರಿನ ಬಾಯಿ, ಒಂದು ಹಕ್ಕಿಗೂಡು ಮತ್ತು ಅರ್ಧ ಅಟ್ಟ ನನ್ನ ತಲೆಯ ಮೇಲೆ ಇಳಿದವು. ಬ್ಯಾಟರಿಯನ್ನು ಬಿಚ್ಚಿ ಹಿತ್ತಲ ಜಗಲಿಗೆ ಹೊತ್ತುಕೊಂಡು ಬಂದೆ. ಮಾವ ಮುಕ್ಕಾಲಿ ಹಾಕಿಕೊಂಡು ಎದುರಿಗೆ ಕೂತ. ಶಸ್ತ್ರಚಿಕಿತ್ಸೆ ನಾನು ಮಾಡಬೇಕು, ಡಾಕ್ಟರು ಅವನು.

ಮೊದಲ ಅಪ್ಪಣೆ, ಒಲೆ ಆರಿಸಬೇಕು. ಚಾರ್ಜ್ ಆಗುವ ಬ್ಯಾಟರಿ ಗ್ಯಾಸು ಬಿಡುತ್ತದೆ, ಅಡುಗೆಮನೆಯ ಕಿಟಕಿ ಜಗಲಿಗೇ ತೆರೆಯುತ್ತದೆ, ಒಂದು ಕಿಡಿ ಸಾಕು. ಅಮ್ಮ ಟೀಗೆ ಇಟ್ಟ ನೀರನ್ನು ನೋಡಿದಳು, ನನ್ನನ್ನು ನೋಡಿದಳು, ಒಲೆ ಆರಿಸಿದಳು. ಮನೆಯಲ್ಲಿ ಟೀ ಇಲ್ಲದ ಮೊದಲ ಬೆಳಗು ಅದು.

ಬ್ಯಾಟರಿಯ ನೆತ್ತಿಯ ಮೇಲೆ ಆರು ಮುಚ್ಚಳ. ಒಂದೊಂದೇ ತಿರುಗಿಸಿ ತೆಗೆದು ಟಾರ್ಚು ಬಿಟ್ಟು ನೋಡಿದೆ. ನಾಲ್ಕರಲ್ಲಿ ನೀರು ಒಳಗಿನ ಸೀಸದ ತಟ್ಟೆಗಳನ್ನು ಮುಚ್ಚಿತ್ತು. ಎರಡರಲ್ಲಿ ತಟ್ಟೆಗಳ ಬೂದು ಅಂಚು ಬತ್ತಿದ ಕೆರೆಯ ಬಂಡೆಯ ಹಾಗೆ ಮೇಲೆ ಕಾಣುತ್ತಿತ್ತು. ಹಾಗೇ ಕರೆಂಟು ಕೊಟ್ಟರೆ ಸುಟ್ಟುಹೋಗುತ್ತವೆ. ನಲ್ಲಿ ನೀರು ಆಗದು, ಅದರ ಉಪ್ಪು ತಟ್ಟೆ ತಿನ್ನುತ್ತದೆ. ಬಟ್ಟಿ ಇಳಿಸಿದ ನೀರು ಬೇಕು. ಅಂಗಡಿ ತೆರೆಯುವುದು ಒಂಬತ್ತಕ್ಕೆ. ಅಮ್ಮನಿಗೆ ನೆನಪಾಯಿತು: ಅಕ್ಕ ಲಾಂಡ್ರಿಯಿಂದ ಅಂಥ ನೀರಿನ ಒಂದು ಬಾಟಲಿ ತಂದಿದ್ದಳಲ್ಲ, ಮನೆಯ ಇಸ್ತ್ರಿಪೆಟ್ಟಿಗೆಗೆ ಅಂತ?

ಅದು ಯಾವಾಗಲೋ ಖಾಲಿಯಾಯಿತು ಅಂದಳು ಅಕ್ಕ.

ಅಮ್ಮ ಒಳಗೆ ಹೋಗಿ, ಮಡಚಿಟ್ಟ ಬಟ್ಟೆಗಳ ಹಿಂದಿನಿಂದ ಬಾಟಲಿ ತೆಗೆದುಕೊಂಡು ಬಂದಳು. ಮುಕ್ಕಾಲು ತುಂಬಿತ್ತು. ಓ, ಅಲ್ಲಿತ್ತಾ ಎಂದು ಅಕ್ಕ ತಲೆ ಬಾಚಿಕೊಳ್ಳಲು ಹೊರಟುಹೋದಳು. ನಾನು ಆ ಕ್ಷಣದಲ್ಲಿ ನನ್ನ ಗುಟ್ಟಿನಲ್ಲೇ ಎಷ್ಟು ಮುಳುಗಿದ್ದೆನೆಂದರೆ, ಬೇರೆಯವರಿಗೂ ಒಂದು ಗುಟ್ಟು ಇರಬಹುದು ಎಂದು ಹೊಳೆಯಲಿಲ್ಲ.

ನೀರು ತುಂಬಿದೆ. ಮುಚ್ಚಳದಿಂದ ಒಂದು ಹನಿ ಆಸಿಡ್ಡು ಪ್ಯಾಂಟಿನ ಮೇಲೆ ಬಿತ್ತು. ಅಲ್ಲಿ ಬಟ್ಟೆ ಮೆಲ್ಲಗೆ ಬಣ್ಣ ಬಿಡತೊಡಗಿತು. ಇನ್ನು ಚಾರ್ಜರಿನ ಎರಡು ಕ್ಲಿಪ್ಪು. ಒಂದು ಕೆಂಪು, ಒಂದು ಕಪ್ಪು ಇರಬೇಕು. ಮೂವತ್ತು ವರ್ಷದ ಎಣ್ಣೆ ಜಿಡ್ಡಿಗೆ ಎರಡೂ ಕಪ್ಪಾಗಿದ್ದವು. ಯಾವುದು ಪ್ಲಸ್ಸು ಎಂದು ಕೂಗಿದೆ. ಮಾವ ಎರಡನ್ನೂ ಮೂಗಿನ ಹತ್ತಿರ ಹಿಡಿದು ನೋಡಿದ. ಆಗ ಗೊತ್ತಿತ್ತು, ಈಗ ಮರೆತೆ ಅಂದ. ತಿರುಗಾಮುರುಗಾ ಹಾಕಿದರೆ ಏನಾಗುತ್ತದೆ ಎಂದು ಕೂಗಿದೆ.

"ಹಾಕಿ ನೋಡ್ಬೇಡ," ಅಂದ. "ಅಷ್ಟು ಗೊತ್ತು."

ಆಮೇಲೆ ಅವನೇ ದಾರಿ ತೋರಿಸಿದ. ಗಾಜಿನ ಲೋಟದಲ್ಲಿ ನೀರು, ಒಂದು ಚಮಚ ಉಪ್ಪು. ಎರಡು ಕ್ಲಿಪ್ಪಿಗೂ ತಂತಿ ಸಿಕ್ಕಿಸಿ, ತಂತಿಗಳ ತುದಿ ಒಂದಕ್ಕೊಂದು ತಾಗದಂತೆ ನೀರಿನಲ್ಲಿ ಇಳಿಬಿಟ್ಟು ಸ್ವಿಚ್ಚು ಹಾಕಬೇಕು. ಯಾವ ತಂತಿಯಿಂದ ಗುಳ್ಳೆ ಜಾಸ್ತಿ ಏಳುತ್ತದೋ ಅದು ಮೈನಸ್ಸು. ಹಾಕಿದೆ. ಎಡಗಡೆಯ ತಂತಿಯಿಂದ ಸಣ್ಣ ಸಣ್ಣ ಗುಳ್ಳೆಗಳ ಬಳ್ಳಿಯೇ ಎದ್ದಿತು. ಬಲಗಡೆಯೂ ಗುಳ್ಳೆ ಇತ್ತು, ಕಡಿಮೆ. ಎಷ್ಟು ಕಡಿಮೆ? ನನಗೆ ನನ್ನ ಕಣ್ಣಿನ ಮೇಲೆ ನಂಬಿಕೆ ಬರಲಿಲ್ಲ. ಸ್ವಿಚ್ಚು ಆರಿಸಿ, ತಂತಿ ಒರೆಸಿ, ಜಾಗ ಬದಲಿಸಿ ಮತ್ತೆ ನೋಡಿದೆ. ಮೂರನೇ ಸಲವೂ ನೋಡಿದೆ. ಅಷ್ಟರಲ್ಲಿ ಏಳು ಹತ್ತು.

ಕ್ಲಿಪ್ಪು ಕಚ್ಚಿಸಿ ಸ್ವಿಚ್ಚು ಹಾಕಿದಾಗ ಚಾರ್ಜರ್ ನಿದ್ದೆಯಲ್ಲಿರುವ ದೊಡ್ಡ ಪ್ರಾಣಿಯಂತೆ ಗುಂಯ್ ಅಂದಿತು. ಮೀಟರಿನ ಮುಳ್ಳು ಎದ್ದು ಆರರ ಮೇಲೆ ನಿಂತಿತು. ಮಾವ ಬೆರಳಲ್ಲಿ ಲೆಕ್ಕ ಹಾಕಿದ. ಮೂರು ಗಂಟೆ ಹೀಗೇ ಕುಡಿದರೆ ಎದ್ದು ಕೂರುತ್ತೆ, ಓಡಾಡೋ ಹಾಗಾಗಲ್ಲ, ಆದರೆ ಎದ್ದು ಕೂರುತ್ತೆ. ಹತ್ತೂಕಾಲಿಗೆ ಕಳಚಿದರೆ, ಹತ್ತೂವರೆಗೆ ಹೊರಟರೆ, ಮೈದಾನಕ್ಕೆ ಇಪ್ಪತ್ತು ನಿಮಿಷ.

ಕಾಯುವುದನ್ನು ಬಿಟ್ಟರೆ ಕೆಲಸವಿರಲಿಲ್ಲ. ಕಾಯುವುದರಷ್ಟು ಕಷ್ಟದ ಕೆಲಸವೂ ಇರಲಿಲ್ಲ. ಎಂಟಕ್ಕೆ ಕರೆಂಟು ಹೋದೀತೆಂದು ಹೆದರಿದೆ. ಎಂಟೂವರೆಗೆ ಬ್ಯಾಟರಿಯ ಮೈ ಮುಟ್ಟಿ ಬಿಸಿಯಾಗಿದೆಯೆಂದು ಹೆದರಿದೆ, ಮತ್ತೆ ಮುಟ್ಟಿ ಬಿಸಿಯಾಗಿಲ್ಲವೆಂದು ಹೆದರಿದೆ. ಮುಚ್ಚಳ ತೆಗೆದ ತೂತುಗಳಿಂದ ಕುದಿಯುವಂಥ ಸಣ್ಣ ಸದ್ದು ಬರತೊಡಗಿತು, ಹುಳಿ ವಾಸನೆ ಬಂತು. ಪಕ್ಕದ ಮನೆಯಾತ ಗೋಡೆಯಾಚೆ ಬೀಡಿ ಕಚ್ಚಿಕೊಂಡು ಏನು ಮಾಡ್ತಿದೀರಿ ಎಂದು ಇಣುಕಿದಾಗ ನಾನು ಎರಡೂ ಕೈ ಚಾಚಿ ಬ್ಯಾಟರಿಗೆ ಅಡ್ಡ ನಿಂತೆ. ಅವನು ಬೀಡಿ ಎಸೆದು, ನಿಮ್ಮನೇಲಿ ಎಲ್ಲರಿಗೂ ಒಂದೊಂದು ನಟ್ಟು ಲೂಸು ಎಂದು ಒಳಗೆ ಹೋದ.

ಅಕ್ಕ ಒಂಬತ್ತಕ್ಕೇ ಸಿದ್ಧಳಾಗಿದ್ದಳು. ತಾನೇ ಇಸ್ತ್ರಿ ಮಾಡಿದ ತಿಳಿನೀಲಿ ಬಟ್ಟೆ, ಉದ್ದ ತೋಳಿನದು, ಸುಟ್ಟ ಗೆರೆಗಳು ಕಾಣದಂತೆ. ಜಗಲಿಯ ಮೆಟ್ಟಿಲ ಮೇಲೆ ಕೂತು ಮೀಟರಿನ ಮುಳ್ಳನ್ನು ನೋಡುತ್ತಿದ್ದಳು. ಮುಳ್ಳು ಆರರಿಂದ ಐದಕ್ಕೆ ಇಳಿಯಿತು. ಇಳಿದರೆ ಒಳ್ಳೆಯದು, ಬ್ಯಾಟರಿ ತುಂಬುತ್ತಿದೆ ಅಂತ ಅರ್ಥ ಎಂದು ನಾನು ಸಮಾಧಾನ ಹೇಳಿದೆ. ಅವಳ ಮುಖದಲ್ಲಿ ಸಮಾಧಾನ ಕಾಣಿಸಲಿಲ್ಲ. ನಡುವೆ ಕೆಮ್ಮು ಬಂತು, ಎದ್ದು ಹೋಗಿ ಕೆಮ್ಮಿ ಬಂದು ಮತ್ತೆ ಕೂತಳು. ಬಾಯಿ ಬಿಟ್ಟು ಹೇಳಿಬಿಡಬೇಕೆಂದು ನಾನು ನಾಲ್ಕು ಸಲ ಉಸಿರು ಎಳೆದುಕೊಂಡೆ. ನಾಲ್ಕೂ ಸಲ ಆ ಉಸಿರು ಟೈಮೆಷ್ಟು ಎಂಬ ಪ್ರಶ್ನೆಯಾಗಿ ಹೊರಬಂತು.

ಹತ್ತೂಹತ್ತಕ್ಕೆ ಮಾವ ಕೈ ಎತ್ತಿದ. ಸ್ವಿಚ್ಚು ಆರಿಸಿ, ಕ್ಲಿಪ್ಪು ಕಳಚಿ, ಮುಚ್ಚಳ ಬಿಗಿದು, ಬ್ಯಾಟರಿಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಶೆಡ್ಡಿಗೆ ಹೋದೆ. ಅಕ್ಕ ಹಿಂದೆ ಬಂದಳು. ಸೀಟಿನಡಿ ಕೂರಿಸಿ, ಕೆಂಪು ವೈರು ಹಾಕಿ ನಟ್ಟು ಬಿಗಿದೆ. ಕಪ್ಪು ವೈರಿನ ಉಂಗುರವನ್ನು ಗೂಟದ ಮೇಲಿಟ್ಟು ಒತ್ತಿದೆ. ದೀಪ ಹಾಕಿ ನೋಡಿದೆ: ಝಗ್ ಅಂತ ಹೊತ್ತಿತು, ನಾನು ಓದುವಾಗ ಎಂದೂ ಇಲ್ಲದಷ್ಟು ಬೆಳಕು.

ಕೀಲಿ ತಿರುಗಿಸಿದೆ.

ಕಟ್ ಅಂತ ಒಂದೇ ಸದ್ದು. ದೀಪ ಆರಿತು. ಕೀಲಿ ಬಿಟ್ಟೆ, ದೀಪ ಬಂತು. ತಿರುಗಿಸಿದೆ, ಕಟ್. ಬಿಟ್ಟೆ, ದೀಪ. ವೈರು ಚೆನ್ನಾಗಿದೆ, ಇಲ್ಲದಿದ್ದರೆ ದೀಪ ಹೇಗೆ ಉರಿಯುತ್ತದೆ? ಬ್ಯಾಟರಿ ತುಂಬಿದೆ. ಹಾಗಾದರೆ ಸ್ಟಾರ್ಟರೇ ಹೋಗಿರಬೇಕು. ನಾನು ಇಡೀ ರಾತ್ರಿ ದೀಪ ಉರಿಸಿ ಏನೋ ಒಂದನ್ನು ಒಳಗೆ ಸುಟ್ಟುಹಾಕಿರಬೇಕು. ಏಳನೆಯ ಸಲವೋ ಎಂಟನೆಯ ಸಲವೋ ಕಟ್ ಅಂದ ಮೇಲೆ ನಾನು ಸ್ಟೀರಿಂಗಿಗೆ ಹಣೆ ಒತ್ತಿ ಕೂತೆ. ಮನೆಯೊಳಗಿಂದ ಅಮ್ಮ ಹತ್ತೂ ಇಪ್ಪತ್ತೈದು ಎಂದು ಕೂಗಿದಳು.

ಅಕ್ಕ ಶೆಡ್ಡಿನ ಬಾಗಿಲಿಗೆ ಒರಗಿ ನಿಂತಿದ್ದಳು.

"ಅಕ್ಕಾ, ನಾನೇ," ಅಂದೆ. "ನಿನ್ನೆ ಇಲ್ಲಿ ಓದ್ತಾ ಕೂತಿದ್ದೆ. ದಿನಾ ಕೂರ್ತೀನಿ. ದೀಪ ಆರಿಸದೆ ಬಂದ್ಬಿಟ್ಟೆ. ಬೆಳಿಗ್ಗೆ ಎದ್ದು ವೈರು ಕಿತ್ತು ಸುಮ್ಮನಾದೆ."

"ಗೊತ್ತು."

"ಏನು ಗೊತ್ತು?"

"ಐದು ಗಂಟೆಗೆ ನೀರು ಕುಡಿಯೋಕೆ ಎದ್ದಿದ್ದೆ. ಕಿಟಕೀಲಿ ದೀಪ ಕಾಣಿಸ್ತು." ಅವಳು ತನ್ನ ತೋಳಿನ ಗುಂಡಿ ಬಿಚ್ಚಿ ಮತ್ತೆ ಹಾಕಿದಳು. "ಇಲ್ಲಿವರೆಗೂ ಬಂದೆ. ಬಾಗಿಲು ತೆಗೆದು ಆರಿಸಿದ್ರೆ ಆಗ್ತಿತ್ತು. ಆರಿಸ್ಲಿಲ್ಲ. ಹೋಗಿ ಮಲಗಿದೆ."

ಅವಳೇ ಮುಂದುವರಿಸಿದಳು, ನೆಲ ನೋಡಿಕೊಂಡು. ಗಾಡಿ ಕೆಟ್ಟು ಟೆಸ್ಟಿಗೆ ಹೋಗದಿದ್ದರೆ ಅದು ಗಾಡಿಯ ತಪ್ಪು. ಹೋಗಿ ಮತ್ತೆ ಹಾಗೇ ಕೂತುಬಿಟ್ಟರೆ ಅದು ಅವಳದು. ಲಾಂಡ್ರಿಯಲ್ಲಿ ಎಲ್ಲರಿಗೂ ಹೇಳಬೇಕು, ಮೂರನೇ ಸಲವೂ ಕೀಲಿ ತಿರುಗಿಸೋಕೆ ಆಗಲಿಲ್ಲ ಅಂತ. ರಾತ್ರಿಯಿಡೀ ಅದನ್ನೇ ಹೇಳಿ ಹೇಳಿ ನೋಡಿದಳಂತೆ, ಯಾವ ಮಾತಿನಲ್ಲಿ ಹೇಳಿದರೆ ಕಡಿಮೆ ಅವಮಾನ ಎಂದು. ಆ ದೀಪ ಕಂಡಾಗ ಮೈ ಹಗುರವಾಯಿತಂತೆ.

ಹಾಗಿದ್ದರೆ ಬಿಡು, ಹೇಗೂ ಸ್ಟಾರ್ಟರ್ ಹೋಗಿದೆ ಎಂದೆ. ಯಾರೂ ನಿನ್ನನ್ನು ಏನೂ ಅನ್ನುವುದಿಲ್ಲ, ದೀಪ ನನ್ನದು, ನಾನೇ ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ ಎಂದೆ. ಮನಸ್ಸಿನಿಂದಲೇ ಅಂದದ್ದು. ಆದರೆ ಅನ್ನುತ್ತಿದ್ದ ಹಾಗೇ ಅವಳಿಗೆ ಕೆಮ್ಮು ಬಂತು. ಬಾಗಿಲ ಚೌಕಟ್ಟು ಹಿಡಿದು, ಬಗ್ಗಿ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಹಾಗೇ ಬಗ್ಗಿ ನಿಂತಿದ್ದಳು.

"ಸ್ಟಾರ್ಟರ್ ಹೋಗಿಲ್ಲ," ಅಂದಳು. "ಏಳು."

ನಾನು ಇಳಿದೆ. ಅವಳು ಪಕ್ಕದ ಸೀಟು ಎತ್ತಿ ಕಪ್ಪು ವೈರಿನ ಉಂಗುರವನ್ನು ಎರಡು ಬೆರಳಲ್ಲಿ ಅಲ್ಲಾಡಿಸಿದಳು. ಸಡಿಲವಾದ ಹಲ್ಲಿನ ಹಾಗೆ ಅಲ್ಲಾಡಿತು. ವರ್ಷಗಟ್ಟಲೆ ಕಿತ್ತು ಹಾಕಿ, ಕಿತ್ತು ಹಾಕಿ ಉಂಗುರ ಸವೆದು ದೊಡ್ಡದಾಗಿತ್ತು. ಸಂಜೆ ಸಂಜೆ ನಾನೂ ಕಿತ್ತದ್ದರಿಂದ ಎರಡರಷ್ಟು ಸವೆದಿತ್ತು. ದೀಪಕ್ಕೆ ಎಳೆಯಷ್ಟು ಕರೆಂಟು ಸಾಕು, ಹೇಗಿಟ್ಟರೂ ಉರಿಯುತ್ತದೆ. ನಾನು ಎಂದೂ ದೀಪ ಬಿಟ್ಟು ಬೇರೇನನ್ನೂ ಕೇಳಿದವನಲ್ಲ. ಇಂಜಿನ್ ಎಬ್ಬಿಸಲು ಬೇಕಾದಷ್ಟು ಹರಿಯಬೇಕಾದರೆ ಉಂಗುರ ಗೂಟವನ್ನು ಕಚ್ಚಿ ಹಿಡಿಯಬೇಕು. ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಇಂಜಿನ್ ಎಬ್ಬಿಸುತ್ತಿದ್ದವಳು ಅವಳು. ಅವಳ ಕೈಗೆ ಮಾತ್ರ ಅದು ಗೊತ್ತಿತ್ತು.

ಅವಳು ಮಾತ್ರೆ ಖಾಲಿಯಾದ ತಗಡಿನ ಹಾಳೆಯನ್ನು ಚೀಲದಿಂದ ತೆಗೆದು, ನಾಲ್ಕು ಮಡಿಕೆ ಮಾಡಿ, ಗೂಟಕ್ಕೂ ಉಂಗುರಕ್ಕೂ ನಡುವೆ ತೂರಿಸಿದಳು. ಅಂಗೈಯ ಬುಡದಿಂದ ಉಂಗುರವನ್ನು ಒತ್ತಿ ಎಡಕ್ಕೆ ತಿರುಚಿದಳು. ಸೀಟು ಇಳಿಸಿ, ಚಾಲಕನ ಜಾಗದಲ್ಲಿ ಕೂತು, ಕೀಲಿ ತಿರುಗಿಸಿದಳು. ಇಂಜಿನ್ ಒಂದು ಸಲ ನರಳಿ ಹೊತ್ತಿಕೊಂಡಿತು.

ಉಂಗುರದ ಸಂಗತಿ ಹೇಳದೆ ಇದ್ದಿದ್ದರೆ ಅವಳು ಮನೆಯಲ್ಲೇ ಉಳಿಯಬಹುದಿತ್ತು. ಅದನ್ನು ಮಾತಾಗಿ ಆಡಿ ಹಾಳುಮಾಡುವ ಧೈರ್ಯ ನನಗಿರಲಿಲ್ಲ. ಮಾವನನ್ನು ಕೈ ಹಿಡಿದು ಮುಂದಿನ ಸೀಟಿಗೆ ಹತ್ತಿಸಿದೆ, ಲೈಸೆನ್ಸ್ ಇದ್ದವನು ಪಕ್ಕದಲ್ಲಿರಬೇಕಿತ್ತು. ನಾನು ಹಿಂದೆ ಕೂತೆ. ಅಮ್ಮ ಏರಿನ ತುದಿಯವರೆಗೆ ವ್ಯಾನಿನ ಜೊತೆಗೇ ನಡೆದು ಬಂದಳು, ಬೇಕಾದರೆ ತಳ್ಳುವವಳ ಹಾಗೆ.

ಮೈದಾನದಲ್ಲಿ ಹಗ್ಗ ಕಟ್ಟಿದ್ದರು. ನಾವು ಮುಟ್ಟಿದಾಗ ಹತ್ತೂ ಐವತ್ತೆಂಟು. ನಾನೂ ಮಾವನೂ ಇಳಿದು ಹಗ್ಗದಾಚೆ ನಿಂತೆವು. ಅಕ್ಕ ಇಂಜಿನ್ ಆರಿಸದೆ ಸರದಿಯಲ್ಲಿ ಕಾದಳು. ಮೂರು ಗಾಡಿಗಳಾದ ಮೇಲೆ ಇನ್ಸ್‌ಪೆಕ್ಟರು ಬಂದರು. ಹೋದ ಸಲದವರೇ, ಅದೇ ಗುಂಡುಕನ್ನಡಕ, ಅದೇ ಹಲಗೆ. ಅವರು ಹತ್ತಿ, ಬ್ಯಾಟರಿಯ ಮೇಲಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಅವರ ಬಾಯಿ ಅಲ್ಲಾಡಿತು. ಇಂಜಿನ್ ನಿಂತಿತು.

ಎಲ್ಲರಿಗೂ ಹಾಗೇ ಮಾಡುತ್ತಿದ್ದರು, ಆರಿಸಿ ಮೊದಲಿಂದ ಶುರು ಮಾಡು ಅನ್ನುತ್ತಿದ್ದರು. ಬೆಳಗಿನಿಂದ ನೂರು ಸಂಗತಿಗಳಿಗೆ ಹೆದರಿದ ನಾನು ಇದೊಂದಕ್ಕೆ ಹೆದರುವುದನ್ನು ಮರೆತಿದ್ದೆ. ಈಗ ಮತ್ತೆ ಅವರ ಬಾಯಿ ಅಲ್ಲಾಡಿತು. ವ್ಯಾನಿನಿಂದ ಸದ್ದಿಲ್ಲ. ಗಾಜಿನ ಮೇಲೆ ಬಿಸಿಲು ಬಿದ್ದು ಅಕ್ಕನ ಮುಖ ಕಾಣುತ್ತಿರಲಿಲ್ಲ, ಸ್ಟೀರಿಂಗಿನ ಮೇಲೆ ತಿಳಿನೀಲಿ ತೋಳುಗಳಷ್ಟೇ ಕಾಣುತ್ತಿದ್ದವು. ಸತ್ತ ಬ್ಯಾಟರಿ, ಹೆಪ್ಪುಗಟ್ಟಿದ ಮನುಷ್ಯ, ಹೊರಗೆ ನಿಂತವನಿಗೆ ಎರಡೂ ಒಂದೇ ತರಹ ಕಾಣುತ್ತವೆ. ಯಾವುದಕ್ಕಾಗಿ ಹಾರೈಸಬೇಕೆಂದು ನನಗೆ ತಿಳಿಯಲಿಲ್ಲ. ಮಾವ ನನ್ನ ತೋಳು ಹಿಡಿದು ಶುರುವಾಯಿತಾ ಎಂದು ಕೇಳಿದ. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

ವ್ಯಾನಿನ ಎಡಬಾಗಿಲು ತೆರೆಯಿತು. ಇನ್ಸ್‌ಪೆಕ್ಟರು ಇಳಿದರು. ಹೋದ ಸಲವೂ ಹೀಗೇ ಇಳಿದಿದ್ದರು. ನಾನು ಹಗ್ಗ ಬಿಟ್ಟು ಬೇರೆ ಕಡೆ ತಿರುಗಿದೆ, ಅವಳು ಬರುವಾಗ ನನ್ನ ಮುಖ ಹೇಗಿರಬೇಕೆಂದು ಯೋಚಿಸತೊಡಗಿದೆ.

"ಸೀಟು ಎತ್ತುತ್ತಾ ಇದಾಳೆ," ಅಂದ ಮಾವ.

ತಿರುಗಿ ನೋಡಿದೆ. ಇನ್ಸ್‌ಪೆಕ್ಟರು ಬಾಗಿಲು ಹಾಕಿರಲಿಲ್ಲ. ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು, ಕಸ ಗುಡಿಸಲೆಂದು ಕುರ್ಚಿಯಿಂದ ಎಬ್ಬಿಸಿದ ಗಂಡಸಿನ ಹಾಗೆ ಪಕ್ಕಕ್ಕೆ ನಿಂತಿದ್ದರು. ಅಕ್ಕ ಆ ಕಡೆಯಿಂದ ಬಗ್ಗಿ, ಅವರು ಕೂತಿದ್ದ ಸೀಟನ್ನು ಎತ್ತಿ ಹಿಡಿದು, ಒಳಗೆ ಕೈ ಹಾಕಿ ಏನನ್ನೋ ಒತ್ತುತ್ತಿದ್ದಳು. ತೋಳಿನ ಗುಂಡಿ ಬಿಚ್ಚಿ ಮೊಣಕೈವರೆಗೆ ಏರಿಸಿಕೊಂಡಿದ್ದಳು. ಆಮೇಲೆ ಸೀಟು ಇಳಿಸಿ, ಅದರ ಮೇಲೆ ಎರಡು ಸಲ ಕೈ ಬಡಿದು, ಅವರಿಗೆ ಏನೋ ಹೇಳಿದಳು. ಅವರು ಹತ್ತಿ ಕೂತರು.

ಇಂಜಿನ್ ಸದ್ದು ಹಗ್ಗದವರೆಗೆ ಬರಲು ಎಷ್ಟು ಹೊತ್ತು ತೆಗೆದುಕೊಂಡಿತೋ ಗೊತ್ತಿಲ್ಲ. ಬಂದಾಗ ವ್ಯಾನು ಆಗಲೇ ಚಲಿಸುತ್ತಿತ್ತು. ಕಂಬಗಳ ನಡುವೆ ಬಳುಕುತ್ತಾ ಹೋಯಿತು, ಏರಿನ ಮಧ್ಯ ನಿಂತಿತು, ಒಂದು ಗೇಣು ಹಿಂದೆ ಜಾರಿತು, ಮತ್ತೆ ಏರಿತು. ಗೇಟು ದಾಟಿ ರಸ್ತೆಗೆ ಹೋಯಿತು. ಬೇರೆಯವರೆಲ್ಲ ಹತ್ತು ನಿಮಿಷಕ್ಕೆ ವಾಪಸು ಬಂದಿದ್ದರು. ಇವಳು ಹದಿನೆಂಟು ನಿಮಿಷವಾದರೂ ಬರಲಿಲ್ಲ. ಇಪ್ಪತ್ತಕ್ಕೆ ಬಂದಳು, ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತಂತೆ. ಇನ್ಸ್‌ಪೆಕ್ಟರು ಇಳಿದು, ಹಲಗೆಯ ಮೇಲೆ ಬರೆದು, ಹಾಳೆ ಹರಿದು ಕಿಟಕಿಯಿಂದ ಕೊಟ್ಟು, ಪ್ಯಾಂಟಿನ ಹಿಂಭಾಗ ಒಮ್ಮೆ ಒರೆಸಿಕೊಂಡು ಮುಂದಿನ ಗಾಡಿಗೆ ಹೋದರು.

ಓಡಿಹೋಗಿ ಕಿಟಕಿಯ ಹತ್ತಿರ ನಿಂತೆ. ಹಾಳೆ ಅವಳ ತೊಡೆಯ ಮೇಲಿತ್ತು, ತೇರ್ಗಡೆ ಎಂದು ಬರೆದು ಅಡಿಗೆರೆ ಎಳೆದಿದ್ದರು. ಅವಳ ಎರಡೂ ಕೈ ಇನ್ನೂ ಸ್ಟೀರಿಂಗಿನ ಮೇಲಿದ್ದವು. ಅವರಿಗೆ ಏನಂತ ಹೇಳಿದೆ ಎಂದು ಕೇಳಿದೆ.

"ಸಾರ್ ಒಂದ್ನಿಮಿಷ ಏಳಿ ಅಂದೆ," ಅಂದಳು. "ಅಷ್ಟೇ. ಅದಕ್ಕೆ ಮುಂಚೆ ಕೈ ಬರ್ತಾ ಇರ್ಲಿಲ್ಲ ಕಣೋ. ಕೀಲಿ ತಿರುಗಿಸಿದೆ ಅಂತಾನೂ ನೆನಪಿಲ್ಲ, ಕಟ್ ಅಂದಿದ್ದು ಕೇಳಿಸ್ತು. ಅದು ಏನು ಅಂತ ಗೊತ್ತಿತ್ತಲ್ಲ."

ಮುಂದಿನವನು ಹಾರ್ನು ಹೊಡೆದ. ಹತ್ತಿ ಎಂದಳು. ಮಾವನನ್ನು ಹತ್ತಿಸಿದೆ, ಅವನು ಪಾಸಾ ಎಂದು ಮೈದಾನಕ್ಕೆಲ್ಲ ಕೇಳುವಂತೆ ಕೇಳಿದ, ಅಕ್ಕ ಅವನ ಕಣ್ಣೆದುರು ಹಾಳೆ ಹಿಡಿದಳು. ಗೇಟಿನ ಹತ್ತಿರ ವ್ಯಾನು ನಿಂತಿತು. ಬಲಕ್ಕೆ ಮನೆ, ಅಮ್ಮ ಏರಿನ ತುದಿಯಲ್ಲೇ ಇನ್ನೂ ನಿಂತಿರಬಹುದು. ಎಡಕ್ಕೆ ಆಸ್ಪತ್ರೆ. ಅವಳ ಪಾಳಿ ಎರಡು ಗಂಟೆಗೆ, ಈಗ ಹನ್ನೆರಡೂ ಆಗಿರಲಿಲ್ಲ. ಮೇಲ್ವಿಚಾರಕಿ ಊಟಕ್ಕೆ ಏಳುವ ಮುಂಚೆ ಕಾಗದ ತೋರಿಸಬೇಕು ಎಂದು ಅಕ್ಕ ಎಡಗಡೆಯ ಇಂಡಿಕೇಟರ್ ಹಾಕಿದಳು.